ಒಂದು ಸಿಲಿಂಡರ್, ಇಪ್ಪತ್ತೆರಡು ಲೀಟರ್ ನೀರು

ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಯೊಂದನ್ನು ಗ್ಯಾಸ್ ಒಲೆಯ ಮೇಲಿಟ್ಟು, ಒಲೆ ಹೊತ್ತಿಸಿ, ಅರೆನಿಮಿಷ ಬಗ್ಗಿ ಅದರ ತಳ ನೋಡಿ. ಒಣಬಟ್ಟೆಯಲ್ಲಿ ಒರೆಸಿಟ್ಟ ಪಾತ್ರೆಯೇ ಆದರೂ ಹೊರಮೈ ಬೆವರುತ್ತದೆ. ಸಣ್ಣ ಹನಿಗಳು ಕೂಡಿ ದೊಡ್ಡವಾಗಿ, ಜಾರಿ, ಬರ್ನರಿನ ಮೇಲೆ ಬಿದ್ದು ಚುಂಯ್ ಎನ್ನುತ್ತವೆ. ಪಾತ್ರೆ ಬಿಸಿಯೇರುತ್ತಿದ್ದಂತೆ ಎಲ್ಲ ಮಾಯ. ಪಾತ್ರೆ ಸೋರುತ್ತಿದೆಯೇನೋ ಎಂದು ಬೋರಲು ಹಾಕಿ, ತಳ ತಡವಿ, ಬೆಳಕಿಗೆ ಹಿಡಿದು ನೋಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ.

ಪಾತ್ರೆ ಸೋರುತ್ತಿಲ್ಲ. ಆ ನೀರು ಬಂದದ್ದು ಒಳಗಿನಿಂದಲ್ಲ, ಬೆಂಕಿಯಿಂದ. ಒಂದು ನಿಮಿಷದ ಹಿಂದೆ ಅದು ನೀರೇ ಆಗಿರಲಿಲ್ಲ. ಮನೆಗೆ ಬರುವ 14.2 ಕೆ.ಜಿ.ಯ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ನಿಮ್ಮ ಅಡುಗೆಮನೆಯಲ್ಲಿ ಹೀಗೆ ಹೊಸದಾಗಿ ಹುಟ್ಟಿದ ನೀರು ಸುಮಾರು 22 ಲೀಟರ್. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ತುಂಬಿ, ಇನ್ನೂ ಎರಡು ಲೀಟರ್ ಚೆಲ್ಲುತ್ತದೆ. ಅಷ್ಟೂ ಆವಿಯಾಗಿ ಕಿಟಕಿಯಿಂದಲೋ ಚಿಮಣಿಯಿಂದಲೋ ಹೊರಟುಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ.

ಶಾಲೆಯಲ್ಲಿ ನಾವೆಲ್ಲ ಎರಡು ಪಟ್ಟಿ ಬಾಯಿಪಾಠ ಮಾಡಿದ್ದೇವೆ. ಮಂಜುಗಡ್ಡೆ ಕರಗುವುದು, ನೀರು ಆವಿಯಾಗುವುದು ಭೌತ ಬದಲಾವಣೆ. ಕಾಗದ ಉರಿಯುವುದು, ಕಬ್ಬಿಣ ತುಕ್ಕು ಹಿಡಿಯುವುದು ರಾಸಾಯನಿಕ ಬದಲಾವಣೆ. ಪರೀಕ್ಷೆಯಲ್ಲಿ ಎರಡು ಅಂಕ. ಆದರೆ ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದನ್ನು ಯಾರೂ ತೂಗಿ ತೋರಿಸಲಿಲ್ಲ. ಇವತ್ತು ತೂಗೋಣ. ತಕ್ಕಡಿ ಬೇಕಿಲ್ಲ, ಅಡುಗೆಮನೆಯ ಮೂಲೆಯಲ್ಲಿರುವ ಕೆಂಪು ಸಿಲಿಂಡರೇ ಸಾಕು.

ಪೈಪಿನ ಎರಡು ತುದಿ

ಸಿಲಿಂಡರಿನ ಒಳಗಿರುವುದು ಗ್ಯಾಸ್ ಅಲ್ಲ, ಬಹುಪಾಲು ದ್ರವ. ಅಲ್ಲಾಡಿಸಿದರೆ ಕುಲುಕುವುದು ಅದೇ. ಬ್ಯುಟೇನ್ ಮತ್ತು ಪ್ರೊಪೇನ್ ಎಂಬ ಎರಡು ಅನಿಲಗಳನ್ನು ಒತ್ತಡದಲ್ಲಿಟ್ಟು ದ್ರವವಾಗಿಸಿ ತುಂಬಿರುತ್ತಾರೆ. ಲೆಕ್ಕ ಸುಲಭವಾಗಲಿ ಎಂದು ಎಲ್ಲವನ್ನೂ ಬ್ಯುಟೇನ್ ಎಂದೇ ಇಟ್ಟುಕೊಳ್ಳೋಣ.

ರೆಗ್ಯುಲೇಟರ್ ತಿರುಗಿಸಿದಾಗ ಮೊದಲ ಬದಲಾವಣೆ ಶುರು. ದ್ರವ ಕುದಿದು ಅನಿಲವಾಗುತ್ತದೆ. ಸುಮಾರು 25 ಲೀಟರ್ ದ್ರವ ಹಿಗ್ಗಿ 6,000 ಲೀಟರ್ ಅನಿಲವಾಗುತ್ತದೆ. ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇದೆಯಲ್ಲ, ಅಂಥ ಆರು ಟ್ಯಾಂಕ್ ತುಂಬುವ ಅನಿಲ ಆ ಮೊಣಕಾಲುದ್ದದ ಡಬ್ಬಿಯಲ್ಲಿ ಮುದುರಿ ಕೂತಿತ್ತು. ಹೀಗೆ ಕುದಿಯಲು ಬೇಕಾದ ಬಿಸಿಯನ್ನು ಅದು ಸಿಲಿಂಡರಿನ ಗೋಡೆಯಿಂದಲೇ ಕಿತ್ತುಕೊಳ್ಳುತ್ತದೆ. ಮದುವೆ ಮನೆಯಲ್ಲಿ ದೊಡ್ಡ ಒಲೆ ಗಂಟೆಗಟ್ಟಲೆ ಉರಿದರೆ ಸಿಲಿಂಡರ್ ತಣ್ಣಗಾಗಿ ಬೆವರುವುದು ಇದರಿಂದಲೇ. ಆದರೆ ಆಚೆ ಬಂದ ಒಂದೊಂದು ಅಣುವೂ ಒಳಗಿದ್ದ ಅಣುವೇ. ನಾಲ್ಕು ಇಂಗಾಲ, ಹತ್ತು ಜಲಜನಕ. ಕೈಕೈ ಹಿಡಿದವರು ಹಿಡಿದಂತೆಯೇ ಇದ್ದಾರೆ, ಪರಸ್ಪರ ದೂರ ಸರಿದು ನಿಂತಿದ್ದಾರೆ, ಅಷ್ಟೆ. ಇದು ಭೌತ ಬದಲಾವಣೆ.

ಎರಡನೆಯದು ಪೈಪಿನ ಇನ್ನೊಂದು ತುದಿಯಲ್ಲಿ, ಬರ್ನರಿನ ಬಾಯಲ್ಲಿ. ಅಲ್ಲಿ ಬ್ಯುಟೇನಿನ 13 ಬಂಧಗಳಲ್ಲಿ ಒಂದೂ ಉಳಿಯುವುದಿಲ್ಲ. ಇಂಗಾಲ ಗಾಳಿಯ ಆಮ್ಲಜನಕದ ಜೊತೆ ಹೋಗುತ್ತದೆ, ಜಲಜನಕವೂ ಆಮ್ಲಜನಕವನ್ನೇ ಕಟ್ಟಿಕೊಳ್ಳುತ್ತದೆ. ಈಗ ತೂಕ ನೋಡಿ: 14.2 ಕೆ.ಜಿ. ಬ್ಯುಟೇನ್ ಉರಿಯಲು ಸುಮಾರು 51 ಕೆ.ಜಿ. ಆಮ್ಲಜನಕ ಬೇಕು. ಎಂಟಡಿ ಅಗಲ, ಹತ್ತಡಿ ಉದ್ದ, ಹತ್ತಡಿ ಎತ್ತರದ ಅಡುಗೆಮನೆಗಳು ಎಂಟನ್ನು ಸಾಲಾಗಿ ನಿಲ್ಲಿಸಿ, ಅವುಗಳ ಗಾಳಿಯಲ್ಲಿರುವ ಆಮ್ಲಜನಕವನ್ನೆಲ್ಲ ಹಿಂಡಿ ತೆಗೆದರೆ ಅಷ್ಟಾಗುತ್ತದೆ. ಹೊರಬರುವುದು 43 ಕೆ.ಜಿ. ಇಂಗಾಲದ ಡೈಆಕ್ಸೈಡ್ ಮತ್ತು ನಮ್ಮ ಆ 22 ಲೀಟರ್ ನೀರು. ನಾವು ದುಡ್ಡು ಕೊಟ್ಟದ್ದು 14 ಕೆ.ಜಿ.ಗೆ, ಆಚೆ ಕಳಿಸಿದ್ದು 65 ಕೆ.ಜಿ. ಉಳಿದ 51 ಕೆ.ಜಿ.ಯನ್ನು ಗಾಳಿ ಪುಕ್ಕಟೆ ಕೊಟ್ಟಿತು.

ಬಿಸಿಯ ಲೆಕ್ಕ ಇನ್ನೂ ಏರುಪೇರು. ಇಡೀ ಸಿಲಿಂಡರಿನ ದ್ರವ ಅನಿಲವಾಗಲು ಹೀರಿಕೊಳ್ಳುವ ಶಾಖ ಎಷ್ಟೆಂದರೆ, ಅದೇ ಗ್ಯಾಸಿನ ಸುಮಾರು 115 ಗ್ರಾಂ ಉರಿದರೆ ಸಿಗುವಷ್ಟು. ಒಂದು ಪಾವು ತೂಗದ ಇಂಧನ. ಉರಿದಾಗ ಬಿಡುವ ಶಾಖ ಅದರ ನೂರು ಪಟ್ಟಿಗೂ ಮಿಗಿಲು, ಸುಮಾರು 650 ಮೆಗಾಜೂಲ್. ಒಂದೇ ಪೈಪು, ಎರಡು ತುದಿ, ನಡುವೆ ನೂರು ಪಟ್ಟು ಅಂತರ.

ಹಲ್ಮಿಡಿಗೂ ಮೊದಲಿನ ಎಣಿಕೆ

ಈ ಕೈ ಬಿಡಿಸಿ ಕೈ ಹಿಡಿಸುವ ಕೆಲಸ ಎಷ್ಟು ವೇಗದಲ್ಲಿ ನಡೆಯುತ್ತದೆ? ಒಂದು ಸಿಲಿಂಡರಿನಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ಕೋಟಿ ಕೋಟಿ ಅಣುಗಳಿರುತ್ತವೆ. ‘ಕೋಟಿ’ಯನ್ನು ಮೂರು ಸಲ ಬರೆದದ್ದು ಅಚ್ಚಿನ ತಪ್ಪಲ್ಲ. 15ರ ಮುಂದೆ 25 ಸೊನ್ನೆ. ದಿನಕ್ಕೆ ಎರಡು ಗಂಟೆ ಒಲೆ ಉರಿದು ಸಿಲಿಂಡರ್ 45 ದಿನ ಬಂತು ಎನ್ನಿ. ಆಗ ಪ್ರತಿ ಸೆಕೆಂಡಿಗೆ ಉರಿಯುವ ಅಣುಗಳು ಸುಮಾರು 45 ಲಕ್ಷ ಕೋಟಿ ಕೋಟಿ.

ಆ ಒಂದೇ ಒಂದು ಸೆಕೆಂಡಿನಲ್ಲಿ ಉರಿದವನ್ನು ಎಣಿಸಲು ಜಗತ್ತಿನ 800 ಕೋಟಿ ಜನರನ್ನೂ ಕೂರಿಸಿದೆವು ಎಂದುಕೊಳ್ಳಿ. ಒಬ್ಬೊಬ್ಬರೂ ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೂ 1,700 ವರ್ಷ ದಾಟುತ್ತದೆ. ಹಲ್ಮಿಡಿಯ ಕಲ್ಲಿನ ಮೇಲೆ ಕನ್ನಡ ಮೂಡುವುದಕ್ಕೂ ಮೊದಲೇ ಎಣಿಕೆ ಶುರು ಮಾಡಿದ್ದರೆ, ಈಗಷ್ಟೇ ಮುಗಿಯುತ್ತಿತ್ತು. ಆದರೆ ಆ ಒಂದು ಸೆಕೆಂಡಿನಲ್ಲಿ ಒಲೆಯ ಮೇಲಿನ ಹಾಲು ಬಿಸಿಯೂ ಆಗಿರುವುದಿಲ್ಲ.

ಇಷ್ಟೆಲ್ಲ ಬಂಧ ಕಡಿದು ಕಟ್ಟಿದ ಮೇಲೆ ಪರಮಾಣುಗಳಲ್ಲಿ ಕಳೆದುಹೋದವು ಎಷ್ಟು? ಒಂದೂ ಇಲ್ಲ. ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ರಸಾಯನ ವಿಜ್ಞಾನಿ ಲವಾಸಿಯೆ ಮುಚ್ಚಿದ ಪಾತ್ರೆಗಳಲ್ಲಿ ಲೋಹಗಳನ್ನು ಸುಟ್ಟು, ಸುಡುವ ಮೊದಲು ಮತ್ತು ಸುಟ್ಟ ಮೇಲೆ ತೂಗಿ ತೂಗಿ ತೋರಿಸಿದ್ದು ಇದನ್ನೇ: ಬೆಂಕಿ ಏನನ್ನೂ ನುಂಗುವುದಿಲ್ಲ, ಜಾಗ ಬದಲಿಸುತ್ತದೆ. ಐನ್‌ಸ್ಟೈನ್ ಆಮೇಲೆ ಒಂದು ಸಣ್ಣ ತಿದ್ದುಪಡಿ ಸೇರಿಸಿದರು. ಹೊರಹೋದ ಶಾಖಕ್ಕೂ ತೂಕವಿದೆ. ನಮ್ಮ ಸಿಲಿಂಡರಿನ 65 ಕೆ.ಜಿ. ವ್ಯವಹಾರದಲ್ಲಿ ಆ ತೂಕ ಸುಮಾರು 7 ಮೈಕ್ರೋಗ್ರಾಂ, ಪುಡಿಯುಪ್ಪಿನ ಒಂದು ಹರಳಿನ ಎಂಟನೇ ಒಂದು ಪಾಲು. ಲವಾಸಿಯೆಯ ತಕ್ಕಡಿಗೆ ಅದು ಸಿಗುವ ಮಾತೇ ಇರಲಿಲ್ಲ.

ಒಂದು ಲೀಟರ್ ನೀರಿನ ಮೆಟ್ಟಿಲು

ಈಗ ಒಂದೇ ವಸ್ತುವನ್ನು ಹಿಡಿದು ಎರಡೂ ಬದಲಾವಣೆಗಳನ್ನು ಅಳೆಯೋಣ. ಫ್ರಿಜ್ಜಿನಿಂದ ತೆಗೆದ ಒಂದು ಕೆ.ಜಿ. ಮಂಜುಗಡ್ಡೆ. ಅಳತೆ, ಉರಿಸಬೇಕಾದ ಗ್ಯಾಸಿನ ಗ್ರಾಂಗಳಲ್ಲಿ. ಶಾಖ ಒಂದಿಷ್ಟೂ ಪೋಲಾಗುವುದಿಲ್ಲ ಎಂದಿಟ್ಟುಕೊಂಡ ಲೆಕ್ಕ ಇದು.

ಮಂಜುಗಡ್ಡೆ ಕರಗಿಸಲು 7 ಗ್ರಾಂ. ಕರಗಿದ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಏರಿಸಲು 9 ಗ್ರಾಂ. ಪೂರ್ತಿ ಆವಿಯಾಗಿಸಲು 49 ಗ್ರಾಂ. ಆವಿಯಾದಾಗ ಆ ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಕುಕ್ಕರಿನ ಸೀಟಿ, ಇಡ್ಲಿ ಪಾತ್ರೆಯ ಮುಚ್ಚಳದ ಕುಣಿತ, ಹಳೆಯ ಉಗಿಬಂಡಿಯ ದಮ್ಮು ಎಲ್ಲವೂ ಈ ಹಿಗ್ಗಿನ ಮಕ್ಕಳೇ. ಇಲ್ಲಿಗೆ ಒಟ್ಟು 65 ಗ್ರಾಂ ಗ್ಯಾಸ್ ಮುಗಿಯಿತು. ಘನ ದ್ರವವಾಯಿತು, ದ್ರವ ಆವಿಯಾಯಿತು. ಆದರೂ ಅದು ನೀರೇ.

ಮುಂದಿನ ಮೆಟ್ಟಿಲು ನೀರನ್ನೇ ಮುರಿಯುವುದು, ಜಲಜನಕ ಬೇರೆ, ಆಮ್ಲಜನಕ ಬೇರೆ ಮಾಡುವುದು. ದ್ರವ ನೀರಿನಿಂದಲೇ ಲೆಕ್ಕ ಹಿಡಿದರೆ ಅದಕ್ಕೆ ಬೇಕಾದ ಶಕ್ತಿ 345 ಗ್ರಾಂ ಗ್ಯಾಸಿನಷ್ಟು. ಆವಿಯಾಗಿಸುವುದರ ಏಳು ಪಟ್ಟು, ಕರಗಿಸುವುದರ ಸುಮಾರು ಐವತ್ತು ಪಟ್ಟು. ಅದೂ ಒಲೆಯ ಮೇಲಿಟ್ಟರೆ ಆಗುವಂಥದ್ದಲ್ಲ. ಆವಿಯನ್ನು 2,200 ಡಿಗ್ರಿಗೆ ಕಾಯಿಸಿದರೂ ನೂರರಲ್ಲಿ ಮೂರರಷ್ಟು ಅಣುಗಳು ಮುರಿದಾವು, ಉಳಿದವು ಕೈ ಬಿಡುವುದಿಲ್ಲ. ಬೆಂಕಿಗೆ ಬಗ್ಗದ ಈ ಜೋಡಿಯನ್ನು ಬಿಡಿಸಿದ್ದು ವಿದ್ಯುತ್ತು. 1800ರಲ್ಲಿ ವೋಲ್ಟಾನ ಹೊಸ ಬ್ಯಾಟರಿಯ ಸುದ್ದಿ ಕೇಳಿದ್ದೇ ತಡ, ಲಂಡನ್ನಿನಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಅಂಥದ್ದೇ ಒಂದನ್ನು ಕಟ್ಟಿ, ಅದರ ತಂತಿಗಳನ್ನು ನೀರಿನಲ್ಲಿ ಅದ್ದಿ, ಗುಳ್ಳೆಗುಳ್ಳೆಯಾಗಿ ಎರಡು ಅನಿಲಗಳು ಏಳುವುದನ್ನು ಕಂಡರು.

ಅಂತರ ಇಷ್ಟೇಕೆ ಎಂದರೆ, ಕರಗಿಸುವಾಗ, ಕುದಿಸುವಾಗ ಬಿಡಿಸುವುದು ಒಂದು ಅಣು ಪಕ್ಕದ ಅಣುವಿಗೆ ಆತುಕೊಂಡದ್ದನ್ನು. ಮುರಿಯುವಾಗ ಬಿಡಿಸುವುದು ಅಣುವಿನ ಒಳಗಿನ ಬಂಧವನ್ನು. ಸಂತೆಯಲ್ಲಿ ಗುಂಪು ಚದುರಿಸುವುದಕ್ಕೂ ಮನೆಯನ್ನೇ ಪಾಲು ಮಾಡುವುದಕ್ಕೂ ಇರುವ ವ್ಯತ್ಯಾಸ ಇದು.

ಕಣ್ಣನ್ನು ನಂಬಬೇಡಿ

ಹಾಗಾದರೆ ಎರಡನ್ನೂ ನೋಡಿದ ಕೂಡಲೇ ಗುರುತು ಹಿಡಿಯಬಹುದೆ? ಬಣ್ಣ ಬದಲಾಯಿತೆ, ಗುಳ್ಳೆ ಬಂತೆ, ಬಿಸಿಯಾಯಿತೆ, ಮತ್ತೆ ಮೊದಲಿನಂತೆ ಮಾಡಬಹುದೆ ಎಂದು ಶಾಲೆಯಲ್ಲಿ ಕೇಳಿಸುತ್ತಿದ್ದರು. ಸುಳಿವಾಗಿ ಇವು ಒಳ್ಳೆಯವೇ, ತೀರ್ಪಾಗಿ ಅಲ್ಲ. ಸೋಡಾ ಬಾಟಲಿ ತೆರೆದರೆ ಗುಳ್ಳೆ ನೊರೆನೊರೆಯಾಗಿ ಉಕ್ಕುತ್ತದೆ, ಅದು ಬಹುತೇಕ ಭೌತ ಬದಲಾವಣೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಡದ ಬಣ್ಣಕ್ಕೆ ತಿರುಗುತ್ತದೆ, ಆ ಬಣ್ಣ ತರುವುದು ಬರೀ ಬಿಸಿ. ಬೀಸಿದ ರಾಗಿಹಿಟ್ಟನ್ನು ಯಾವ ದೇವರೂ ಮತ್ತೆ ಕಾಳು ಮಾಡಿಕೊಡಲಾರ, ಆದರೂ ಗಿರಣಿಯಲ್ಲಿ ನಡೆದದ್ದು ಭೌತ ಬದಲಾವಣೆಯೇ. ಇತ್ತ ನಿಮ್ಮ ಮೊಬೈಲ್ ಬ್ಯಾಟರಿಯಲ್ಲಿ ನಡೆಯುವುದು ಅಪ್ಪಟ ರಾಸಾಯನಿಕ ಬದಲಾವಣೆ. ಅದನ್ನು ನೀವು ಪ್ರತಿ ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿ ಹಿಂದಕ್ಕೆ ತಿರುಗಿಸುತ್ತೀರಿ.

ಕಣ್ಣಿಗೆ ಆಗುವ ಮೋಸದ ಅಳತೆ ಬೇಕಿದ್ದರೆ ಕೋಲಾರಕ್ಕೆ ಹೋಗಬೇಕು. ಕೆಜಿಎಫ್‌ನ ಗಣಿಗಳು ಸುಮಾರು 120 ವರ್ಷ ನಡೆದು, 3 ಕಿ.ಮೀ.ಗೂ ಆಳಕ್ಕೆ ಇಳಿದು, 2001ರಲ್ಲಿ ಮುಚ್ಚುವ ಹೊತ್ತಿಗೆ ಕೊಟ್ಟ ಚಿನ್ನ ಸುಮಾರು 800 ಟನ್. ಅದನ್ನೆಲ್ಲ ಕರಗಿಸಿ ಒಂದೆಡೆ ಎರಕ ಹೊಯ್ದರೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹನ್ನೆರಡಡಿ ಎತ್ತರದ ಒಂದೇ ಕೋಣೆಯಲ್ಲಿ ಹಿಡಿಸುತ್ತದೆ. ನಾಲ್ಕು ತಲೆಮಾರಿನ ದುಡಿಮೆ, ಒಂದು ಮಲಗುವ ಕೋಣೆ!

ಈಗ ಅದೇ ಕೋಣೆಯನ್ನು ಸುತ್ತಿಗೆಯಿಂದ ಬಡಿಯಿರಿ. ಒಂದು ಗ್ರಾಂ ಚಿನ್ನವನ್ನು ಬಡಿದು ಒಂದು ಚದರ ಮೀಟರಿನಷ್ಟು ಹಾಳೆ ಮಾಡಬಹುದು. ಆಗ ಅದರ ದಪ್ಪ ಸುಮಾರು 200 ಪರಮಾಣುಗಳಷ್ಟು. ಬೆಳಕಿಗೆ ಹಿಡಿದರೆ ಆಚೆ ಬದಿ ಹಸಿರಾಗಿ ಕಾಣುವಷ್ಟು ತೆಳು. ಆ ಲೆಕ್ಕದಲ್ಲಿ ಕೆಜಿಎಫ್ ಚಿನ್ನ 800 ಚದರ ಕಿ.ಮೀ. ಹರಡಿಕೊಳ್ಳುತ್ತದೆ. ಯಲಹಂಕದಿಂದ ಬೊಮ್ಮನಹಳ್ಳಿಯವರೆಗೆ, ಕೆಂಗೇರಿಯಿಂದ ವೈಟ್‌ಫೀಲ್ಡ್‌ವರೆಗೆ ಇಡೀ ಬೆಂಗಳೂರಿಗೆ ಚಿನ್ನದ ಹೊದಿಕೆ. ಒಂದು ಕೋಣೆ ಒಂದು ಮಹಾನಗರವಾಯಿತು, ಬಣ್ಣವೂ ಬದಲಾಯಿತು. ಒಳಗೆ ಆದದ್ದೇನು? ಏನೂ ಇಲ್ಲ. ಪ್ರತಿ ಪರಮಾಣುವೂ ಹಿಂದಿದ್ದ ಚಿನ್ನವೇ.

ಇನ್ನು ನಿಮ್ಮ ಮನೆಯ ಗೇಟು ನೋಡಿ. ಅಲ್ಲಿ ಹೊಗೆಯಿಲ್ಲ, ಜ್ವಾಲೆಯಿಲ್ಲ, ಸದ್ದಿಲ್ಲ. ಮಳೆಗಾಲ ಕಳೆದಂತೆ ಸರಳಿನ ಮೇಲೆ ಕಂದು ಪುಡಿ ಕೂರುತ್ತದೆ, ಅಷ್ಟೆ. ಆದರೆ ಒಂದು ಕೆ.ಜಿ. ಕಬ್ಬಿಣ ಪೂರ್ತಿ ತುಕ್ಕಾದರೆ ಬಿಡುವ ಶಾಖ ಸುಮಾರು 160 ಗ್ರಾಂ ಗ್ಯಾಸ್ ಉರಿದಷ್ಟು. ಎರಡು ಮೂರು ಲೀಟರ್ ನೀರನ್ನು ಕುದಿಸಿ ಪೂರ್ತಿ ಇಂಗಿಸಬಹುದಾದ ಬೆಂಕಿ ಅದು. ಹತ್ತಾರು ವರ್ಷಗಳಿಗೆ ಹಂಚಿಹೋಗುವುದರಿಂದ ಕೈಗೆ ತಾಗುವುದಿಲ್ಲ. ತೂಕವೂ ಇಳಿಯುವ ಬದಲು ಏರುತ್ತದೆ. ಸೇರುವ ಆಮ್ಲಜನಕವೊಂದನ್ನೇ ಲೆಕ್ಕ ಹಿಡಿದರೂ ಒಂದು ಕೆ.ಜಿ. ಕಬ್ಬಿಣ 1.43 ಕೆ.ಜಿ. ತುಕ್ಕಾಗುತ್ತದೆ. ಸಂಡೂರಿನ ಕೆಂಪು ಬೆಟ್ಟಗಳು ಹೀಗೆ ಆಮ್ಲಜನಕವನ್ನು ಕಟ್ಟಿಕೊಂಡ ಕಬ್ಬಿಣವೇ. ನೂರು ಟನ್ ಶುದ್ಧ ಹೆಮಟೈಟ್ ಅದಿರು ಲಾರಿಗಳಲ್ಲಿ ಹೋದರೆ ಅದರಲ್ಲಿ ಕಬ್ಬಿಣ 70 ಟನ್, ಉಳಿದ 30 ಟನ್ ಆಮ್ಲಜನಕ. ಉಸಿರಾಡುವ ವಸ್ತು ಕಲ್ಲಾಗಿ ಲಾರಿ ಹತ್ತಿದೆ. ಕಲ್ಲಿನಿಂದ ಅದನ್ನು ಬಿಡಿಸುವುದೇ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಕೆಲಸ.

ಎರಡು ಪಟ್ಟಿಗಳ ಗಡಿಯಲ್ಲಿ ಕೂತು ರಸಾಯನ ಮೇಷ್ಟ್ರುಗಳನ್ನು ಇವತ್ತಿಗೂ ಜಗಳಕ್ಕೆ ಹಚ್ಚುವುದು ಉಪ್ಪು. ನೀರಿಗೆ ಹಾಕಿದರೆ ಕರಗುತ್ತದೆ, ಕುದಿಸಿದರೆ ತಿರುಗಿ ಸಿಗುತ್ತದೆ, ಆದ್ದರಿಂದ ಪುಸ್ತಕ ಅದನ್ನು ಭೌತ ಬದಲಾವಣೆ ಎನ್ನುತ್ತದೆ. ಆದರೆ 58 ಗ್ರಾಂ ಉಪ್ಪಿನ ಹರಳನ್ನು ಬಿಡಿ ಬಿಡಿ ಅಯಾನುಗಳಾಗಿ ಒಡೆಯಲು 787 ಕಿಲೋಜೂಲ್ ಬೇಕು, ಭಾರೀ ರಾಸಾಯನಿಕ ಮಟ್ಟದ ಖರ್ಚು. ನೀರಿನ ಅಣುಗಳು ಬಂದು ಆ ಅಯಾನುಗಳನ್ನು ಸುತ್ತುವರಿದಾಗ 783 ಕಿಲೋಜೂಲ್ ಜಮೆಯಾಗುತ್ತದೆ. ಉಳಿದದ್ದು ನಾಲ್ಕು. ಸಾರಿಗೆ ಉಪ್ಪು ಹಾಕಿದಾಗ ಏನೂ ಆಗದಂತೆ ಕಾಣುವುದು ಏನೂ ಆಗದ್ದರಿಂದಲ್ಲ, ಜಮಾಖರ್ಚು ಸರಿಹೋದದ್ದರಿಂದ.

ಪಟ್ಟಿಯಲ್ಲಿಲ್ಲದ ಮೂರನೆಯದು

ಭೌತ ಬದಲಾವಣೆ ಅಣುಗಳನ್ನು ದೂರ ಸರಿಸುತ್ತದೆ, ರಾಸಾಯನಿಕ ಬದಲಾವಣೆ ಅಣುವಿನ ಒಳಗಿನ ಜೋಡಿ ಬದಲಿಸುತ್ತದೆ. ಪರಮಾಣುವಿನ ಎದೆಗೇ ಕೈ ಹಾಕಿದರೆ? ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ ನಡೆಯುವುದು ಅದು. ಒಂದು ಗ್ರಾಂ ಯುರೇನಿಯಂ-235 ಪೂರ್ತಿ ಸೀಳಿದರೆ ಸಿಗುವ ಶಾಖ ಸುಮಾರು 125 ಸಿಲಿಂಡರ್‌ಗಳದು. ಅಲ್ಲಿನ 220 ಮೆಗಾವಾಟ್‌ನ ಒಂದು ಘಟಕ ಪೂರ್ತಿ ಓಡುವಾಗ ಅದರ ಒಡಲಲ್ಲಿ ಏಳುವ ಶಾಖ ಸೆಕೆಂಡಿಗೆ ಒಂದು ಸಿಲಿಂಡರಿಗಿಂತ ಹೆಚ್ಚು. ಅಲ್ಲಿನ ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ ನಿಂತಾಗ 962 ದಿನ ಎಡೆಬಿಡದೆ ಓಡಿತ್ತು. ಇಷ್ಟಾಗಿ ಆ ಮಹಾಶಾಖವನ್ನು ವಿದ್ಯುತ್ತಾಗಿಸಲು ಕೊನೆಗೆ ಮಾಡುವುದೇನು? ನೀರು ಕಾಯಿಸಿ ಉಗಿ ಎಬ್ಬಿಸುವುದು. ನಮ್ಮ ಮೆಟ್ಟಿಲಿನ 49 ಗ್ರಾಮಿನ ಅದೇ ಮೂರನೇ ಹಂತ.

ಆಗುಂಬೆಯ ಒಂದು ಚದರ ಮೀಟರ್

ಇಲ್ಲಿಯವರೆಗಿನ ಲೆಕ್ಕದಲ್ಲಿ ಗ್ರಾಂಗೆ ಗ್ರಾಂ ತೂಗಿದರೆ ಭೌತ ಬದಲಾವಣೆ ಬಡಪಾಯಿ. ಆದರೆ ಅದನ್ನು ಬಯಲಿಗೆ ಬಿಟ್ಟು ನೋಡಬೇಕು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅಂದರೆ ಅಂಗಳದ ತುಳಸಿಕಟ್ಟೆಯಷ್ಟು ಜಾಗ, ಒಂದು ಚದರ ಮೀಟರ್ ಎನ್ನಿ, ಅದರ ಮೇಲೆ ವರ್ಷಕ್ಕೆ ಬೀಳುವುದು 7,500 ಲೀಟರ್ ನೀರು. ಅಷ್ಟನ್ನೂ ಯಾರೋ ಎಲ್ಲೋ ಮೊದಲು ಆವಿಯಾಗಿಸಿರಬೇಕಲ್ಲ? ಅರಬ್ಬಿ ಸಮುದ್ರ, ಹಿಂದೂ ಮಹಾಸಾಗರದ ಮೇಲೆ ಬಿಸಿಲು ಮಾಡಿದ ಆ ಕೆಲಸವನ್ನು ನಮ್ಮ ಅಳತೆಯಲ್ಲಿ ಹೇಳಿದರೆ 28 ಸಿಲಿಂಡರ್. ವರ್ಷಕ್ಕೆ ಎಂಟು ಸಿಲಿಂಡರ್ ಬಳಸುವ ಮನೆಗೆ ಮೂರೂವರೆ ವರ್ಷದ ಅಡುಗೆ. ಬರೀ ತುಳಸಿಕಟ್ಟೆಯ ಲೆಕ್ಕ ಇದು. ಹಿತ್ತಿಲು, ತೋಟ, ಕಾಡು ಎಲ್ಲ ಬಾಕಿ ಇದೆ.

ಭೂಮಿಯ ಮೈಯಿಂದ ವರ್ಷಕ್ಕೆ ಆವಿಯಾಗುವ ನೀರು ಸುಮಾರು 5 ಲಕ್ಷ ಘನ ಕಿ.ಮೀ. ಅದಕ್ಕೆ ಹಿಡಿಸುವ ಶಾಖ, ಕಲ್ಲಿದ್ದಲು, ಎಣ್ಣೆ, ಗ್ಯಾಸ್, ಅಣುಸ್ಥಾವರ, ಅಣೆಕಟ್ಟು ಎಲ್ಲ ಸೇರಿಸಿ ಮನುಷ್ಯರು ವರ್ಷವೊಂದಕ್ಕೆ ಬಳಸುವ ಒಟ್ಟು ಶಕ್ತಿಯ ಸುಮಾರು ಎರಡು ಸಾವಿರ ಪಟ್ಟು. ಇಷ್ಟು ದೊಡ್ಡ ಕಾರುಬಾರಿನಲ್ಲಿ ನೀರಿನ ಅಣು ಒಡೆಯುವುದಿಲ್ಲ. ಕಡಲಿನಿಂದ ಎದ್ದದ್ದೂ ನೀರು, ಘಟ್ಟದ ಮೇಲೆ ಬಿದ್ದದ್ದೂ ನೀರು.

ಹನಿಗೆ ಹಿಂತಿರುಗಿ

ಆದರೆ ಬಿಸಿಲಿನ ಒಂದು ಸಣ್ಣ ಪಾಲು ಬೇರೆ ಕಡೆ ಹೋಗುತ್ತದೆ. ಹಸಿರೆಲೆಯ ಮೇಲೆ ಬಿದ್ದ ಬೆಳಕು, 2,200 ಡಿಗ್ರಿಯ ಕಾವು ಮಾಡಲಾರದ್ದನ್ನು ತಣ್ಣನೆಯ ನೆರಳಿನಲ್ಲಿ ಮಾಡುತ್ತದೆ. ನೀರನ್ನು ಒಡೆಯುತ್ತದೆ. ಆಮ್ಲಜನಕವನ್ನು ಗಾಳಿಗೆ ಬಿಟ್ಟು, ಜಲಜನಕವನ್ನು ಇಂಗಾಲಕ್ಕೆ ಕಟ್ಟುತ್ತದೆ. ಕಡಲಿನ ಸೂಕ್ಷ್ಮ ಪಾಚಿಗಳೂ ಕೋಟ್ಯಂತರ ವರ್ಷಗಳ ಹಿಂದೆ ಇದನ್ನೇ ಮಾಡಿದವು. ಸತ್ತು ತಳಕ್ಕಿಳಿದವು, ಕೆಸರಿನಡಿ ಹೂತು, ಬೆಂದು, ಎಣ್ಣೆಯೂ ಅನಿಲವೂ ಆದವು. ಇವತ್ತು ಅದರದ್ದೇ ಒಂದು ಪಾಲು ಕೆಂಪು ಡಬ್ಬಿಯಲ್ಲಿ ತುಂಬಿ ನಮ್ಮ ಬಾಗಿಲಿಗೆ ಬರುತ್ತದೆ.

ಬೆಂಕಿಯಿಂದ ನೀರು ಹುಟ್ಟುವುದನ್ನು ಕನ್ನಡದ ಒಂದು ಪದ ಮೊದಲಿನಿಂದಲೂ ಹೇಳುತ್ತಲೇ ಇದೆ. ಉರಿದರೆ ನೀರು ಹುಟ್ಟಿಸುವುದು ಎಂಬ ಕಾರಣಕ್ಕೆ ಲವಾಸಿಯೆ ಮತ್ತು ಸಂಗಡಿಗರು ಆ ಅನಿಲಕ್ಕೆ ಗ್ರೀಕ್ ಮೂಲದಿಂದ ಹೆಸರಿಟ್ಟರು. ನಮ್ಮವರು ಅದನ್ನೇ ‘ಜಲಜನಕ’ ಎಂದರು. ಹತ್ತಿರದ ‘ಆಮ್ಲಜನಕ’ದಲ್ಲಿ ಲವಾಸಿಯೆಯ ತಪ್ಪೂ ಉಳಿದುಬಿಟ್ಟಿದೆ. ಎಲ್ಲ ಆಮ್ಲಗಳಿಗೂ ಆ ಅನಿಲವೇ ಮೂಲ ಎಂದು ಅವನು ನಂಬಿದ್ದ, ಅದು ನಿಜವಲ್ಲ. ಜಲಜನಕದ ಮಾತು ಮಾತ್ರ ಪೂರ್ತಿ ನಿಜ. ಹೆಸರಿನಲ್ಲೇ 22 ಲೀಟರಿನ ಲೆಕ್ಕ ಅಡಗಿದೆ.

ನಾಳೆ ಬೆಳಿಗ್ಗೆ ಕಾಫಿಗೆ ನೀರಿಡುವಾಗ ಪಾತ್ರೆಯ ತಳ ಬೆವರಿದರೆ, ಒರೆಸುವ ಮೊದಲು ಬೆರಳು ತಾಗಿಸಿ ನೋಡಿ, ಬಿಸಿಯೇರುವುದರೊಳಗೆ. ಪಾತ್ರೆಯ ಒಳಗಿರುವ ನೀರು ಮೊನ್ನೆ ಮೊನ್ನೆ ಮೋಡವಾಗಿತ್ತು, ಅದಕ್ಕೂ ಮೊದಲು ಕಡಲಾಗಿತ್ತು. ಅಷ್ಟು ಅಲೆದರೂ ಅದು ನೀರೆಂಬ ಹೆಸರು ಬಿಡಲಿಲ್ಲ. ಹೊರಗಿನ ಹನಿಯಲ್ಲಿರುವ ಜಲಜನಕ ನೀರಿನ ಮನೆ ಬಿಟ್ಟು ಕೋಟ್ಯಂತರ ವರ್ಷ ಆಗಿತ್ತು. ಈಗಷ್ಟೇ ಹಿಂತಿರುಗಿ ಬಂದಿದೆ. ನಡುವೆ ಇರುವುದು ಒಂದು ಮಿಲಿಮೀಟರ್ ಕೂಡ ದಪ್ಪವಿಲ್ಲದ ಸ್ಟೀಲ್.